ಗೀರು ಬಿದ್ದ ಹಾಡಿನ ಸಿಡಿಗೆ ಟೂತ್‌ಪೇಸ್ಟ್ ಹಚ್ಚಬಹುದಾ?

ಪ್ರಶ್ನೆ: ನನ್ನ ಹತ್ತಿರ ಹಾಡಿನ ಸಿಡಿಗಳು ಸುಮಾರಿವೆ. ಕೆಲವು ಮಧ್ಯದಲ್ಲಿ ತಡವರಿಸುತ್ತವೆ, ಒಂದೆರಡು ಓಡುವುದೇ ಇಲ್ಲ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸರಿಹೋಗುತ್ತದೆ ಅಂತಾರೆ. ನಿಜವಾ?

ಉತ್ತರ: ಕೆಲವು ಗೀರುಗಳಿಗೆ ನಿಜ. ಆದರೆ ಪೇಸ್ಟ್ ಮುಟ್ಟುವ ಮುಂಚೆ ಗೀರು ಯಾವ ಕಡೆ ಬಿದ್ದಿದೆ ನೋಡಿ.

ನಾವೆಲ್ಲ ಹೊಳೆಯುವ ಕಡೆಯನ್ನೇ ಜೋಪಾನ ಮಾಡುತ್ತೇವೆ, ಲೇಬಲ್ ಕಡೆ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಜಕ್ಕೂ ಹಾಡು ಇರುವುದು ಲೇಬಲ್‌ನ ಕೆಳಗೇ. ಸಿಡಿಯ ದಪ್ಪ 1.2 ಮಿ.ಮೀ. ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಪಾರದರ್ಶಕ ಪ್ಲಾಸ್ಟಿಕ್ಕೇ. ಅದರ ಮೇಲ್ತುದಿಯಲ್ಲಿ ಹಾಡನ್ನು ಬರೆದಿಟ್ಟ ಸಣ್ಣ ಸಣ್ಣ ಗುಳಿಗಳು, ಅವುಗಳ ಮೇಲೆ ತೆಳ್ಳನೆ ಅಲ್ಯೂಮಿನಿಯಂ, ಆಮೇಲೆ ಒಂದು ಪದರ ವಾರ್ನಿಷ್, ಅದರ ಮೇಲೆ ಲೇಬಲ್, ಅಷ್ಟೇ. ಹಾಗಾಗಿ ಲೇಬಲ್ ಕಡೆ ಆಳವಾಗಿ ಗೀಚಿದರೆ ಅಲ್ಯೂಮಿನಿಯಂ ಕಿತ್ತು ಬರುತ್ತದೆ. ಸಿಡಿಯನ್ನು ಬಲ್ಬಿನ ಬೆಳಕಿಗೆ ಅಡ್ಡ ಹಿಡಿಯಿರಿ. ಸೂಜಿಮೊನೆಯಷ್ಟು ಚುಕ್ಕಿ ಒಂದೆರಡು ಕಂಡರೆ ಪರವಾಗಿಲ್ಲ. ಗೆರೆಯುದ್ದಕ್ಕೂ ಬೆಳಕು ತೂರಿ ಬಂದರೆ ಅಲ್ಲಿದ್ದ ಹಾಡು ಹೋಯಿತು, ಯಾವ ಪಾಲಿಷೂ ಅದನ್ನು ವಾಪಸ್ ತರುವುದಿಲ್ಲ.

ಹೊಳೆಯುವ ಕಡೆಯ ಗೀರು ಅಷ್ಟು ಭಯಪಡುವಂಥದ್ದಲ್ಲ. ಕನ್ನಡಕದ ಮೇಲೆ ಸಣ್ಣ ಗೀರಿದ್ದರೂ ಎದುರಿನ ಅಕ್ಷರ ಓದಬಹುದು ಅಲ್ವಾ, ಹಾಗೇ ಇದು. ಪ್ಲೇಯರ್ ಗುಳಿಗಳನ್ನು ಓದುವುದು ಹೊಳೆಯುವ ಕಡೆಯಿಂದ ಬಿಡುವ ಲೇಸರ್ ಬೆಳಕಿನಿಂದ. ಆ ಬೆಳಕು ಪ್ಲಾಸ್ಟಿಕ್ ಒಳಗೆ ಹೊಕ್ಕುವಾಗ ಸುಮಾರು 0.8 ಮಿ.ಮೀ. ಅಗಲ ಇರುತ್ತದೆ, ಗುಳಿಗಳ ಹತ್ತಿರ ಹೋಗುವಷ್ಟರಲ್ಲಿ ಕೂದಲಿಗಿಂತ ಎಷ್ಟೋ ಸಣ್ಣದಾಗುತ್ತದೆ. ಜೊತೆಗೆ ಹಾಡಿನ ಮಾಹಿತಿಯನ್ನು ಒಂದೇ ಕಡೆ ಇಡದೆ ಚದುರಿಸಿ ಬರೆದಿರುತ್ತಾರೆ. ಟ್ರ್ಯಾಕ್ (ಅಂದರೆ ಸುತ್ತಿ ಸುತ್ತಿ ಹೋಗುವ ಗುಳಿಗಳ ಸಾಲು) ಉದ್ದಕ್ಕೆ ಸುಮಾರು 2.5 ಮಿ.ಮೀ. ಅಳಿಸಿಹೋದರೂ ಪ್ಲೇಯರ್ ಲೆಕ್ಕ ಹಾಕಿ ಪೂರ್ತಿ ತುಂಬಿಕೊಳ್ಳುತ್ತದೆ. ನಡುವಿನಿಂದ ಅಂಚಿಗೆ ಹೋಗುವ ಗೀರು ಪ್ರತಿ ಸುತ್ತಿನಲ್ಲೂ ಚೂರೇ ಚೂರು ಅಡ್ಡ ಬರುತ್ತದೆ, ಆದರೆ ಟ್ರ್ಯಾಕ್ ಜೊತೆಗೇ ದುಂಡಗೆ ಸುತ್ತುವ ಗೀರು ಒಂದೇ ಜಾಗವನ್ನು ಉದ್ದಕ್ಕೆ ಮುಚ್ಚಿಬಿಡುತ್ತದೆ. ಸಿಡಿಯನ್ನು ಗುಂಡಗೆ ಒರೆಸಬಾರದು, ನಡುವಿನಿಂದ ಹೊರಕ್ಕೆ ಒರೆಸಬೇಕು ಅನ್ನುವುದು ಇದಕ್ಕೇ.

ಮೊದಲು ತೊಳೆಯಿರಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನನ್ನದೊಂದು ಸಿಡಿ ಪ್ರತಿ ಸಲ ನಾಲ್ಕನೇ ಹಾಡಲ್ಲೇ ತಡವರಿಸುತ್ತಿತ್ತು, ಗೀರೂ ಕಾಣುತ್ತಿತ್ತು, ಅದೇ ಕಾರಣ ಅಂದುಕೊಂಡಿದ್ದೆ. ಓರೆಯಾಗಿ ಹಿಡಿದು ನೋಡಿದರೆ ಗೀರಿನ ಪಕ್ಕದಲ್ಲಿ ಒಣಗಿದ ಅಂಟಿನ ಕಲೆ, ಸಾಸಿವೆ ಕಾಳಿನಷ್ಟು. ಉಗುರು ಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಬೆರಳ ತುದಿ. ಇಷ್ಟರಲ್ಲೇ ಹಾಡು ಸರಾಗವಾಯಿತು, ಗೀರು ಈಗಲೂ ಇದೆ. ಥಿನ್ನರ್, ನೇಲ್ ಪಾಲಿಷ್ ತೆಗೆಯುವ ದ್ರವ ಮಾತ್ರ ಬೇಡವೇ ಬೇಡ, ಪ್ಲಾಸ್ಟಿಕ್ ಮಬ್ಬಾಗಿ ಬಿರುಕು ಬಿಡುತ್ತದೆ.

ತೊಳೆದರೂ ತಡವರಿಸಿದರೆ ಮಾತ್ರ ಉಜ್ಜುವ ಮಾತು. ಸಿಡಿ ಒಳಗಿನಿಂದ ಹೊರಗೆ ಓಡುತ್ತದೆ. ಮೊದಲ ಹಾಡು ನಡುವಿನ ತೂತಿನ ಹತ್ತಿರ, ಕೊನೆಯದು ಹೊರಗೆ. ಯಾವ ಹಾಡು ಕೆಟ್ಟಿದೆ ಅನ್ನುವುದರಿಂದಲೇ ಯಾವ ಗೀರು ಅಂತ ಅಂದಾಜು ಸಿಗುತ್ತದೆ, ಅದನ್ನಷ್ಟೇ ಉಜ್ಜಿ. ಟೂತ್‌ಪೇಸ್ಟ್ ಗೀರನ್ನು ತುಂಬುವುದಿಲ್ಲ, ಅದರ ಅಂಚನ್ನು ಸವೆಸಿ ನಯ ಮಾಡುತ್ತದೆ. ಪ್ಲಾಸ್ಟಿಕ್ ಪಾಲಿಷ್ ಸಿಕ್ಕರೆ ಅದೇ ಮೇಲು. ಇಲ್ಲದಿದ್ದರೆ ಸಾದಾ ಬಿಳಿ ಪೇಸ್ಟ್, ಮೆತ್ತನೆ ಬಟ್ಟೆ, ಹಗುರ ಕೈ. ಉಗುರು ಆಡಿಸಿದಾಗ ಗೀರಿಗೆ ಸಿಕ್ಕಿಕೊಂಡರೆ ಕೈಯಲ್ಲಿ ಉಜ್ಜಿ ಜಾಸ್ತಿ ಪ್ರಯೋಜನವಿಲ್ಲ, ತೆಳುವಾಗಿ ಹೆರೆಯುವ ಮಷಿನ್ನೇ ಬೇಕು.

ಒಂದು ಸಲ ಸರಿಯಾಗಿ ಓಡಿತಾ, ಆವತ್ತೇ ಕಂಪ್ಯೂಟರಿಗೆ ಇಳಿಸಿ, ಎಫ್‌ಎಲ್‌ಎಸಿ (ಧ್ವನಿಯ ಗುಣಮಟ್ಟ ಚೂರೂ ಕಳೆಯದ ಫೈಲ್ ರೂಪ) ಆಗಿ. ಲೆಕ್ಕಕ್ಕೂ ಸಿಗದಷ್ಟು ಕೆಟ್ಟ ಜಾಗ ಬಂದರೆ ಪ್ಲೇಯರ್ ಊಹೆ ಮಾಡಿ ಮುಚ್ಚಿಹಾಕುತ್ತದೆ, ನಮ್ಮ ಕಿವಿಗೆ ಗೊತ್ತೇ ಆಗುವುದಿಲ್ಲ. ಎಕ್ಸಾಕ್ಟ್ ಆಡಿಯೋ ಕಾಪಿ ತರಹದ ತಂತ್ರಾಂಶ ಅದೇ ಜಾಗವನ್ನು ಮತ್ತೆ ಮತ್ತೆ ಓದಿ, ಅನುಮಾನ ಇದ್ದರೆ ಹೇಳುತ್ತದೆ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದೂ ಉಂಟು. ಲೇಬಲ್ ಕಿತ್ತುಹೋದ ಸಿಡಿಯನ್ನೂ ಬಿಸಾಡಬೇಡಿ. ಯಾವ ಹಾಡು ಎಲ್ಲಿದೆ ಅನ್ನುವ ಪಟ್ಟಿ ನಡುವಿನ ತೂತಿನ ಪಕ್ಕದಲ್ಲಿರುತ್ತದೆ, ಆ ಜಾಗ ಚೆನ್ನಾಗಿದ್ದರೆ, ಕೆಟ್ಟ ಹಾಡು ಬಿಟ್ಟು ಉಳಿದವನ್ನು ಇನ್ನೂ ಇಳಿಸಿಕೊಳ್ಳಬಹುದು.