ಎರಡು ಬಿಗದ್ರ ಹುಡುಗ ದಾರಿಗಿ ಬರ್ತಾನೇನ್ರಿ?

"ಒಂಬತ್ತನೇ ಕ್ಲಾಸ್ ಹುಡುಗ ರೀ, ಮದ್ಲ ಚೊಲೊ ಇದ್ದ, ಈಗ ಏನ್ ಕೇಳಿದ್ರೂ ಬಾಯಿ ಬಿಡಂಗಿಲ್ಲ, ಬೈದ್ರ ಎದ್ದು ಹೊರಗ ಹೋಗ್ತಾನ, ಎರಡು ಬಿಗದ್ರ ಸರಿ ಹೋಗ್ತಾನೇನು?" ಯಾದಗಿರಿ ಕಡಿಂದ ಒಬ್ಬ ಮಾಸ್ತರ್ ಕೇಳ್ಯಾರ. ಶಹಾಪುರ, ಚಿತ್ತಾಪುರ, ಆಳಂದ, ಎಲ್ಲಾ ಕಡಿಂದೂ ಇದೇ ಪ್ರಶ್ನಿ ಬಂದದ, ಎಷ್ಟು ಸಲ ಹೇಳೀನಿ, ಮತ್ತ ಹೇಳ್ತೀನಿ. ಇಲ್ರಿ, ಹೋಗಂಗಿಲ್ಲ.

ಮನಿ ಪರಿಸ್ಥಿತಿ ನಿಮಗ ಬಿಡಿಸಿ ಹೇಳಬೇಕಿಲ್ಲ. ತೊಗರಿ ರಾಶಿ ಮುಗದ್ ಮ್ಯಾಲ ಅವ್ವ ಅಪ್ಪ ಪುಣೆಕ್ಕೋ ಬೆಂಗಳೂರಿಗೋ ದುಡಿಲಿಕ್ಕ ಹೋಗ್ಯಾರ, ಹುಡುಗ ಆಯಿ ಹತ್ರ, ಇಲ್ಲಾ ಕುಡಿಯೋ ಕಾಕಾನ ಹತ್ರ. ಮಿದುಳಿನಾಗ ಅಪಾಯ ಬಂತು ಅಂತ ಗಂಟಿ ಹೊಡಿಯೋ ಒಂದು ಭಾಗ ಅದ, ಅಮಿಗ್ಡಲಾ ಅಂತಾರ, ದಿನಾ ಹೊಡತ ಬಡತದಾಗ ಬೆಳದ ಹುಡುಗಗ ಅದು ಸಣ್ಣ ಸಪ್ಪಳಕ್ಕೂ ಹೊಡ್ಕೋತದ. ತಡದು ವಿಚಾರ ಮಾಡೋ ಭಾಗ ಪೂರ್ತಿ ಬಲಿಲಿಕ್ಕ ಹತ್ರ ಹತ್ರ 25 ವರ್ಷ ಬೇಕು, ಅಂವಗ ಈಗ 14. ಹಿಂಗಾಗಿ ಮೈಮ್ಯಾಲ ಬರ್ತಾನ, ಓಡಿ ಹೋಗ್ತಾನ, ಇಲ್ಲಾ ಕಲ್ಲಾಗಿ ಕುಂದರ್ತಾನ. ಮೂರಕ್ಕೂ ನಾವು ಇಡೋ ಹೆಸರು ಒಂದೇ, ಸೊಕ್ಕು.

"ಆದ್ರ ಹೊಡದ್ ಮ್ಯಾಲ ಸುಮ್ಮನಾದ ನೋಡ್ರಿ" ಅಂತೀರಿ. ಹೌದು, ಆಗೇ ಆಗ್ತಾನ, ಅದಕ್ಕೇ ಈ ನಂಬಿಕಿ ಸಾಯವಲ್ದು. ಗಂಟಿ ಹೊಡ್ಕೊಳ್ಳೋ ತಲಿಗಿ ಪಾಠ ಇಳಿಯಂಗಿಲ್ಲ, ಈ ಮನಷ್ಯಾನೂ ಹೊಡೀತಾನ ಅನ್ನೋದು ಒಂದೇ ಇಳೀತದ. ಇನ್ನ ಕೆಲವರು "ನಾವೂ ಹೊಡತ ತಿಂದೇ ಮ್ಯಾಲ ಬಂದೀವಿ" ಅಂತಾರ, ಈ ಮಾತು ಕೇಳಿದ್ರ ನನಗ ಖರೇನೇ ಸಂಕಟ ಆಗ್ತದ. ಮ್ಯಾಲ ಬಂದವ್ರು ಸ್ಟಾಫ್ ರೂಮಿನಾಗ ಕುಂತು ಮಾತಾಡ್ಲಿಕತ್ತೀರಿ, ನಿಮ್ಮ ಬಾಜೂ ಕುಂದರ್ತಿದ್ದ, ಎಂಟನೇ ಕ್ಲಾಸಿಗೇ ಸಾಲಿ ಬಿಟ್ಟು ಗಾರೆ ಕೆಲಸಕ್ಕ ಹೋದ ಗೆಳೆಯನ್ನ ಯಾರ್ ಕೇಳ್ಯಾರ? ಕಾನೂನಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಕಲಮಿನಾಗೇ ಸಾಲಿಯೊಳಗ ಹೊಡಿಯೋದೂ ಮನಸ್ಸಿಗಿ ಹಿಂಸಾ ಕೊಡೋದೂ ಬ್ಯಾಡ ಅಂದದ.

ಹಂಗಾದ್ರ ಏನ್ ಮಾಡೋದು? ಎದುರಿಗಿ ನಿಂತು ಕೇಳಬ್ಯಾಡ್ರಿ, ಬಾಜೂ ನಡಕೋತ ಕೇಳ್ರಿ, ಎಲ್ಲರ ಮುಂದ ಅಂತೂ ಬ್ಯಾಡೇ ಬ್ಯಾಡ. ಎದ್ದು ಹೋದ್ರ ಎಲ್ಲಿ ಹೋಗಿ ಕುಂದರಬೇಕು ಅಂತ ಮದ್ಲೇ ಇಬ್ಬರೂ ಕೂಡಿ ಠರಾಯಿಸಿರಿ, ಬೇವಿನ ಗಿಡದ ಕೆಳಗ ಐದು ನಿಮಿಷ ಕುಂತು ಬರ್ಲಿ. ನೀವು ದಿನಾ ಒಂದೇ ಥರ ಇರ್ರಿ, ಅಂವಗ ಬೇಕಾದ್ದು ಅದೇ.

ಇನ್ನೊಂದು, ಇದು ಯಾರೂ ಕೇಳಿಲ್ಲ, ಆದ್ರ ಹೇಳ್ತೀನಿ. ಒಂದಿನ ಹುಡುಗನೋ ಹುಡುಗಿನೋ ಬಂದು "ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡ್ರಿ" ಅಂತಾರ. ಮಾಡಬ್ಯಾಡ್ರಿ. ಲೈಂಗಿಕ ದೌರ್ಜನ್ಯದ ಮಾತಿದ್ರ 2012ರ ಪೋಕ್ಸೋ (ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಯೋ ಕಾಯ್ದೆ) ಪ್ರಕಾರ ಗೊತ್ತಾದವ್ರು ಪೊಲೀಸರಿಗಿ ತಿಳಿಸ್ಲೇಬೇಕು, ಮುಚ್ಚಿಡೋದೂ ಗುನ್ಹೆ. "ನಿನಗ ತೊಂದ್ರಿ ಅದ ಅಂತಾದ್ರ ಒಬ್ಬರಿಗರ ಹೇಳಬೇಕಾಗ್ತದ, ನಿನಗ ಹೇಳೇ ಹೇಳ್ತೀನಿ" ಅಂತ ಮದ್ಲೇ ಅನ್ರಿ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಕಷ್ಟಕ್ಕ ಟೆಲಿ ಮಾನಸ್ 14416, ಹಗಲು ರಾತ್ರಿ ಯಾವಾಗರೆ ಹಚ್ಚಬಹುದು. ಪೂರಾ ಕಥಿ ಕೆದಕಿ ಕೇಳೋ ಕೆಲಸ ನಿಮ್ದಲ್ಲ, ಅರ್ಧ ಹೇಳಿ ಎದ್ದು ಹೋದ್ರೂ ಹೋಗ್ಲಿ. ಮರುದಿನ ಎಂದಿನಂಗ ಹೆಸರು ಹಿಡಿದು ಕರದು ಹಾಜರಿ ಪುಸ್ತಕ ತರ್ಲಿಕ್ಕ ಕಳಸ್ರಿ, ನಿಮ್ಮ ಮಾರಿ ಬದಲಾಗ್ಯದೇನು ಅಂತ ಅವತ್ತು ಅಂವ ನೋಡ್ತಿರ್ತಾನ.