ವರ್ಷಕ್ಕೊಮ್ಮೆ ಹರಿದು ಹಾಕುವ ಚಿತ್ರವನ್ನು ಉಳಿಸಿಕೊಳ್ಳುವುದು ಹೇಗೆ?

ಚೀನಾದ ಹಳ್ಳಿಮನೆಗಳಲ್ಲಿ ಹೊಸ ವರ್ಷಕ್ಕೆ ಇನ್ನೊಂದು ವಾರ ಇದೆ ಅನ್ನುವಾಗ ಅಡುಗೆಮನೆಯ ಗೋಡೆಯಿಂದ ಒಂದು ಚಿತ್ರ ಕೆಳಗಿಳಿಯುತ್ತದೆ. ಅದು ಒಲೆಯ ದೇವರ ಚಿತ್ರ. ವರ್ಷವಿಡೀ ಹೊಗೆ ಕುಡಿದು ಕಪ್ಪಾಗಿರುತ್ತದೆ. ದೇವರ ಬಾಯಿಗೆ ಒಂಚೂರು ಸಿಹಿ ಸವರುತ್ತಾರೆ, ಮೇಲೆ ಹೋಗಿ ಮನೆಯವರ ಬಗ್ಗೆ ಒಳ್ಳೆಯ ಮಾತನ್ನೇ ಆಡಲಿ ಅಂತ. ಆಮೇಲೆ ಕಾಗದವನ್ನು ಬೆಂಕಿಗೆ ಹಾಕುತ್ತಾರೆ. ಹಬ್ಬದ ಹೊತ್ತಿಗೆ ಅದೇ ಜಾಗಕ್ಕೆ ಹೊಸ ಚಿತ್ರ ಬರುತ್ತದೆ.

ಬಾಗಿಲ ಮೇಲಿನ ಚಿತ್ರಗಳಿಗೂ ಇಷ್ಟೇ ಆಯಸ್ಸು. ನಾವು ಯುಗಾದಿಗೆ ಹಳೆಯ ತೋರಣ ಕಿತ್ತು ಹೊಸ ಮಾವಿನೆಲೆ ಕಟ್ಟುತ್ತೇವಲ್ಲ, ಹಾಗೆ. ಬಿಸಿಲಿಗೆ ಬಣ್ಣ ಹೋಗುತ್ತದೆ, ಮಳೆಗೆ ಕಾಗದ ಹರಿಯುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮುಂದಿನ ವರ್ಷ ಸಂತೆಯಲ್ಲಿ ಇನ್ನೊಂದು ಸಿಗುತ್ತದೆ ಅನ್ನುವ ನಂಬಿಕೆ ಇತ್ತು.

ಮರದ ಅಚ್ಚಿನಲ್ಲಿ ಒತ್ತಿದ ಈ ಚಿತ್ರಗಳಿಗೆ ಚೀನೀ ಭಾಷೆಯಲ್ಲಿ ನಿಯೆನ್‌ಹುವಾ ಅನ್ನುತ್ತಾರೆ. 'ನಿಯೆನ್' ಅಂದರೆ ವರ್ಷ, 'ಹುವಾ' ಅಂದರೆ ಚಿತ್ರ. ಹೆಸರು ಬರಹದಲ್ಲಿ ಕಾಣಿಸಿದ್ದು 1849ರಲ್ಲಿ. ಚಿತ್ರಗಳು ಅದಕ್ಕಿಂತ ಎಷ್ಟೋ ಹಳೆಯವು. ಸಾಂಗ್ ಅರಸರ ಕಾಲದ ರಾಜಧಾನಿ ಕೈಫೆಂಗ್‌ನಲ್ಲಿ ವರ್ಷದ ಕೊನೆಗೆ ದ್ವಾರಪಾಲಕರ ಅಚ್ಚು ಚಿತ್ರಗಳು ಮಾರಾಟ ಆಗುತ್ತಿದ್ದವು. ಆ ಊರಿನ ಪಕ್ಕದ ಝೂಶಿಯೆನ್‌ಝೆನ್‌ನಲ್ಲಿ ಈಗಲೂ ಈ ಕೆಲಸ ನಡೆಯುತ್ತದೆ.

ಬಾಗಿಲ ಎರಡು ರೆಕ್ಕೆಗಳಿಗೆ ಇಬ್ಬರು ವೀರರು. ಟಾಂಗ್ ಅರಸ ತಾಯ್‌ಝಾಂಗ್‌ಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲವಂತೆ, ದೆವ್ವಗಳ ಕಾಟ. ಅವನ ಇಬ್ಬರು ಸೇನಾಪತಿಗಳು ಬಾಗಿಲಲ್ಲಿ ನಿಂತು ಕಾವಲು ಕಾದರಂತೆ. ಅವರನ್ನು ದಿನಾ ನಿಲ್ಲಿಸುವುದು ಹೇಗೆ ಅಂತ ಅರಸ ಅವರ ಚಿತ್ರ ಬರೆಸಿ ಅಂಟಿಸಿದ ಅನ್ನುತ್ತದೆ ಕಥೆ. ಮನೆಯ ಒಳಗಿನ ಚಿತ್ರಗಳು ಇನ್ನೂ ಮುದ್ದಾಗಿರುತ್ತವೆ. ಗುಂಡುಗುಂಡಾದ ಮಗು, ತೋಳಿನಲ್ಲಿ ಒಂದು ದೊಡ್ಡ ಮೀನು, ಪಕ್ಕದಲ್ಲಿ ತಾವರೆ. ಚೀನೀ ಭಾಷೆಯಲ್ಲಿ ತಾವರೆಗೂ 'ಬಿಡದೆ' ಅನ್ನುವುದಕ್ಕೂ ಒಂದೇ ಉಚ್ಚಾರ. ಮೀನಿಗೂ 'ಮಿಗುವುದು' ಅನ್ನುವುದಕ್ಕೂ ಒಂದೇ ಉಚ್ಚಾರ. ಹಾಗಾಗಿ ಓದು ಬರಹ ಬಾರದ ರೈತನೂ ಆ ಚಿತ್ರವನ್ನು ಓದುತ್ತಿದ್ದ: ವರ್ಷ ವರ್ಷವೂ ಮನೆಯಲ್ಲಿ ಉಂಡು ಮಿಗಲಿ.

ಈ ಕಸುಬಿಗೆ ಹೆಸರಾದ ಊರುಗಳು ಹಲವು. 'ದಕ್ಷಿಣಕ್ಕೆ ಟಾವ್, ಉತ್ತರಕ್ಕೆ ಯಾಂಗ್' ಅಂತ ಅಲ್ಲೊಂದು ಮಾತಿದೆ. ಟಾವ್ ಅಂದರೆ ಸುಜೌ ನಗರದ ಟಾವ್‌ಹುವಾವೂ. ಯಾಂಗ್ ಅಂದರೆ ತಿಯಾನ್‌ಜಿನ್ ಪಕ್ಕದ ಯಾಂಗ್‌ಲಿಯುಚಿಂಗ್. ಎರಡೂ ಮಹಾಕಾಲುವೆಯ ದಾರಿಯಲ್ಲಿದ್ದವು. ದೋಣಿಯಲ್ಲಿ ಕಾಗದ, ಬಣ್ಣ ಬರುತ್ತಿತ್ತು, ದೋಣಿಯಲ್ಲೇ ಚಿತ್ರಗಳ ಕಟ್ಟು ಹೋಗುತ್ತಿತ್ತು. ಯಾಂಗ್‌ಲಿಯುಚಿಂಗ್‌ನಲ್ಲಿ ಗೆರೆಗಳನ್ನಷ್ಟೇ ಅಚ್ಚಿನಲ್ಲಿ ಒತ್ತಿ ಬಣ್ಣವನ್ನು ಕುಂಚದಲ್ಲಿ ತುಂಬುತ್ತಿದ್ದರು. ಊರಿನ ದಕ್ಷಿಣಕ್ಕಿರುವ 36 ಹಳ್ಳಿಗಳ ಹೆಂಗಸರು ಮಕ್ಕಳೆಲ್ಲ ಹೊಲದ ಕೆಲಸ ಮುಗಿದ ಮೇಲೆ ಇದಕ್ಕೆ ಕೂರುತ್ತಿದ್ದರು. 'ಮನೆಮನೆಗೂ ಬಣ್ಣ ತುಂಬಲು ಬರುತ್ತೆ' ಅನ್ನುವುದು ಆ ಹಳ್ಳಿಗಳ ಹೆಗ್ಗಳಿಕೆ.

ಟಾವ್‌ಹುವಾವೂದಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚು. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಈ ಕಸುಬನ್ನು ಉಳಿಸಲು ಬಂದ ಕಾಲೇಜು ವಿದ್ಯಾರ್ಥಿಗಳ ಕಥೆ ಮುಂದೆ ಇಲ್ಲೇ ಬರುತ್ತದೆ.

ಮೊದಲು ತೆಳು ಕಾಗದದ ಮೇಲೆ ಗೆರೆಚಿತ್ರ. ಅದನ್ನು ಕವುಚಿ, ಪೇರ್ ಮರದ ನಯವಾದ ಹಲಗೆಗೆ ಅಂಟಿಸುತ್ತಾರೆ. ಮುಷ್ಟಿಯಲ್ಲಿ ಹಿಡಿಯುವ ಚಾಕು ಒಂದಿದೆ, ಅದರ ಹೆಸರೇ ಮುಷ್ಟಿಚಾಕು. ಅದನ್ನು ಹಿಡಿದು ಕಾಗದದ ಮೇಲೇ ಕೆತ್ತುತ್ತಾ ಹೋಗುತ್ತಾರೆ. ಗೆರೆ ಎದ್ದು ನಿಲ್ಲುವ ಹಾಗೆ ಅದರ ಎರಡೂ ಬದಿಯ ಮರವನ್ನು ತೆಗೆಯಬೇಕು. ಹುಬ್ಬಿನ ಎಳೆ, ಗಡ್ಡದ ಎಳೆ ಎಲ್ಲ ಕೂದಲಷ್ಟೇ ಸಣ್ಣ. ಕೈ ಒಮ್ಮೆ ಜಾರಿದರೆ ಹುಬ್ಬು ಹೋಯಿತು. ಕೆತ್ತನೆ ಮುಗಿಯುವಾಗ ಅಚ್ಚು ಉಳಿಯುತ್ತದೆ, ಮೂಲ ಚಿತ್ರ ಇರುವುದಿಲ್ಲ. ಚಾಕು ಅದನ್ನು ತಿಂದಿರುತ್ತದೆ.

ಒತ್ತುವುದು ಇನ್ನೊಂದು ವಿದ್ಯೆ. ಕಾಗದದ ಕಟ್ಟನ್ನು ಮೇಜಿನ ಒಂದು ಬದಿಗೆ ಬಿಗಿದಿಡುತ್ತಾರೆ. ಅಚ್ಚಿಗೆ ಬಣ್ಣ ಸವರಿ, ಒಂದು ಹಾಳೆ ಅದರ ಮೇಲೆ ಹಾಸಿ, ನಾರಿನ ಉಜ್ಜುಗದಿಂದ ಬೆನ್ನು ತಿಕ್ಕಿ ಎತ್ತುತ್ತಾರೆ. ಮತ್ತೆ ಮುಂದಿನ ಹಾಳೆ. ಕಟ್ಟು ಮುಗಿದ ಮೇಲೆ ಅಚ್ಚು ಬದಲಿಸಿ ಎರಡನೇ ಬಣ್ಣ, ಆಮೇಲೆ ಮೂರನೆಯದು. ಪ್ರತಿ ಅಚ್ಚೂ ಹಿಂದಿನದರ ಮೇಲೆ ಸರಿಯಾಗಿ ಕೂರಬೇಕು. ನೀರು ಜಾಸ್ತಿಯಾದರೆ ಬಣ್ಣ ಹರಡುತ್ತದೆ, ಕಡಿಮೆಯಾದರೆ ಚುಕ್ಕೆ ಚುಕ್ಕೆ ಬೀಳುತ್ತದೆ. ಮಳೆಗಾಲದ ನೀರು ಬೇರೆ, ಚಳಿಗಾಲದ ನೀರು ಬೇರೆ. ಇದನ್ನು ಪುಸ್ತಕ ನೋಡಿ ಕಲಿಯಲು ಆಗುವುದಿಲ್ಲ. ಗುರುವಿನ ಪಕ್ಕ ನಿಂತೇ ಕಲಿಯಬೇಕು.

18ನೇ ಶತಮಾನದಲ್ಲಿ ಸುಜೌನ ಚಿತ್ರಗಳು ಹಡಗು ಹತ್ತಿ ಜಪಾನಿನ ನಾಗಸಾಕಿಗೆ ಹೋದವು, ಯುರೋಪಿಗೂ ಹೋದವು. ಅಲ್ಲಿನ ಅರಮನೆಗಳ ಗೋಡೆಗೂ ಅಂಟಿದವು. ಆ ಕಾಲದ ಒಳ್ಳೆಯ ಪ್ರತಿಗಳನ್ನು ನೋಡಬೇಕಾದರೆ ಇವತ್ತು ಹೆಚ್ಚಾಗಿ ಜಪಾನ್, ಯುರೋಪ್‌ಗೇ ಹೋಗಬೇಕು. ಮಾಡಿದ ಊರಿನವರು ಪ್ರತಿ ವರ್ಷ ಹರಿದು ಹೊಸದು ಅಂಟಿಸಿದರು, ದೂರದವರು ಎತ್ತಿಟ್ಟರು. ಅಚ್ಚು ಇರುವ ತನಕ, ಕೆತ್ತುವವರು ಇರುವ ತನಕ ಹಳೆಯ ಚಿತ್ರ ಎತ್ತಿಡುವ ಅಗತ್ಯವೇ ಇರಲಿಲ್ಲ, ಅಲ್ವಾ?

ಆದರೆ ಅಚ್ಚೂ ಹೋಯಿತು, ಕೆತ್ತುವವರೂ ಕಡಿಮೆಯಾದರು. ಅದು ಒಂದೇ ಪೆಟ್ಟಿಗೆ ಆದದ್ದಲ್ಲ. 1860ರಲ್ಲಿ ಚೀನಾದ ಅರಸರ ವಿರುದ್ಧ ಎದ್ದ ತಾಯ್‌ಪಿಂಗ್ ದಂಗೆಯ ಯುದ್ಧದ ಬೆಂಕಿಗೆ ಸುಜೌನ ಅಂಗಡಿಗಳು, ಅಚ್ಚುಗಳು ಸುಟ್ಟುಹೋದವು. ಆಮೇಲೆ ಶಾಂಘೈಗೆ ಕಲ್ಲಚ್ಚು, ಅಂದರೆ ಯಂತ್ರದಲ್ಲಿ ಅಗ್ಗವಾಗಿ ಒತ್ತುವ ಲಿಥೋ ಮುದ್ರಣ ಬಂತು. ಸಿಗರೇಟು ಕಂಪನಿಗಳು ಪುಕ್ಕಟೆ ಕೊಡುವ ಕ್ಯಾಲೆಂಡರ್ ಚಿತ್ರಗಳು ಹಳ್ಳಿ ಮುಟ್ಟಿದವು. ಮರದ ಅಚ್ಚಿನವರು ಬೆಲೆಯಲ್ಲಿ ಅದಕ್ಕೆ ಎದುರು ನಿಲ್ಲಲಾರದೇ ಹೋದರು. 1949ರ ನವೆಂಬರ್‌ನಲ್ಲಿ ಹೊಸ ಸರ್ಕಾರ 'ಹೊಸ ನಿಯೆನ್‌ಹುವಾ' ಮಾಡಲು ಆದೇಶ ಹೊರಡಿಸಿತು. ದೇವರುಗಳ ಜಾಗಕ್ಕೆ ರೈತರು, ಕಾರ್ಮಿಕರು, ಟ್ರ್ಯಾಕ್ಟರುಗಳು ಬಂದವು. ಕಸುಬಿಗೆ ಆಗ ಸ್ವಲ್ಪ ಅನ್ನವೂ ಸಿಕ್ಕಿತು. 1958ರಲ್ಲಿ ತಿಯಾನ್‌ಜಿನ್‌ನಲ್ಲಿ ಯಾಂಗ್‌ಲಿಯುಚಿಂಗ್ ಚಿತ್ರಾಲಯ ಶುರುವಾಯಿತು.

1966ರಲ್ಲಿ ಸಾಂಸ್ಕೃತಿಕ ಕ್ರಾಂತಿ. ಹಳೆಯದೆಲ್ಲ ನಾಶವಾಗಲಿ ಅನ್ನುವ ಘೋಷಣೆ. ದೇವರ ಚಿತ್ರದ ಅಚ್ಚು ಮನೆಯಲ್ಲಿದ್ದರೆ ಅದೇ ಅಪರಾಧ. ಅಚ್ಚುಗಳು ಒಲೆಗೆ ಹೋದವು. ಕೆಲವರು ಮಾತ್ರ ಜೀವ ಕೈಯಲ್ಲಿ ಹಿಡಿದು ಬಚ್ಚಿಟ್ಟರು.

ಕಣ್ಮರೆಯಾಗಿದ್ದ ಕೆಲವು ಅಚ್ಚುಗಳು 2003ರಲ್ಲಿ ಹೆಬೈ ಪ್ರಾಂತ್ಯದ ವೂಚಿಯಾಂಗ್ ಬಳಿ ಒಂದು ಹಳ್ಳಿಮನೆಯಲ್ಲಿ ಸಿಕ್ಕವು. ಆ ಮನೆಯ ಹಿರಿಯರು ಅವನ್ನು ಛಾವಣಿಯೊಳಗೆ ಸೇರಿಸಿ ಮುಚ್ಚಿಬಿಟ್ಟಿದ್ದರು. ಛಾವಣಿ ಬಿಚ್ಚಿದಾಗ 150ಕ್ಕೂ ಹೆಚ್ಚು ಹಲಗೆಗಳು ಹೊರಬಂದವು. ಕೆಲವು ನೀರು ಕುಡಿದು ಕೊಳೆತಿದ್ದವು. ಕೆಲವುಗಳ ಗೆರೆ ಇನ್ನೂ ಚೂಪಾಗಿತ್ತು. ಎಷ್ಟೋ ವರ್ಷ ಆ ಮನೆಯವರು ಆ ಚಿತ್ರಗಳ ಕೆಳಗೆ ಮಲಗಿ ಎದ್ದರಲ್ಲ, ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಶೋಧದ ಹಿಂದೆ ಇದ್ದವರಲ್ಲಿ ಮುಖ್ಯರು ತಿಯಾನ್‌ಜಿನ್‌ನ ಲೇಖಕ ಫೆಂಗ್ ಜಿತ್ಸಾಯ್. 1942ರಲ್ಲಿ ಹುಟ್ಟಿದ ಇವರು ಕಥೆಗಾರರೂ ಹೌದು, ಚಿತ್ರಕಾರರೂ ಹೌದು. 2003ರಲ್ಲಿ ಶುರುವಾದ ಜನಪದ ಸಂಸ್ಕೃತಿಯ ರಕ್ಷಣಾ ಯೋಜನೆಗೆ ಮುಂದಾಳು ಇವರೇ. ದುಡ್ಡು ಸಾಲದೆ ತಮ್ಮದೇ ಚಿತ್ರಗಳನ್ನು ಮಾರಿ ಹಣ ಹೊಂದಿಸಿದರು. 2000ದಲ್ಲಿ ಸುಮಾರು 36 ಲಕ್ಷ ಇದ್ದ ಚೀನಾದ ಹಳ್ಳಿಗಳು 2010ರ ಹೊತ್ತಿಗೆ 27 ಲಕ್ಷಕ್ಕೆ ಇಳಿದವು ಅನ್ನುವ ಲೆಕ್ಕವನ್ನು ಅವರು ಹೋದಲ್ಲೆಲ್ಲ ಹೇಳುತ್ತಿದ್ದರು. ಹಳ್ಳಿ ಹೋದರೆ ಬಾಗಿಲು ಹೋಯಿತು. ಬಾಗಿಲು ಹೋದರೆ ದ್ವಾರಪಾಲಕರನ್ನು ಎಲ್ಲಿ ಅಂಟಿಸುವುದು? ಹೊಸ ಫ್ಲ್ಯಾಟುಗಳಿಗೆ ಒಂಟಿ ರೆಕ್ಕೆಯ ಕಬ್ಬಿಣದ ಬಾಗಿಲು. ಜೋಡಿ ವೀರರಿಗೆ ಅಲ್ಲಿ ಜಾಗವೇ ಇಲ್ಲ. ಹೊಗೆಯಿಲ್ಲದ ಅಡುಗೆಮನೆಯಲ್ಲಿ ಒಲೆಯ ದೇವರಿಗೂ ಗೋಡೆ ಸಿಗುವುದಿಲ್ಲ.

ವಿದ್ಯಾರ್ಥಿಗಳು ಈ ಕಥೆಯೊಳಗೆ ಬಂದದ್ದು ಎರಡು ಬಾಗಿಲಿನಿಂದ. ಒಂದು ಬಾಗಿಲು ತಿಯಾನ್‌ಜಿನ್‌ನಲ್ಲಿ, ಇನ್ನೊಂದು ಸುಜೌನಲ್ಲಿ.

ತಿಯಾನ್‌ಜಿನ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಫೆಂಗ್ ಹೆಸರಿನ ಸಾಹಿತ್ಯ ಮತ್ತು ಕಲಾ ಸಂಸ್ಥೆ ತೆರೆಯಿತು. ಅಲ್ಲಿನ ವಿದ್ಯಾರ್ಥಿಗಳು ಕೈಯಲ್ಲಿ ರೆಕಾರ್ಡರ್, ಕ್ಯಾಮೆರಾ ಹಿಡಿದು ಹಳ್ಳಿಗೆ ಹೋದರು. ಚಿತ್ರದ ಫೋಟೋ ತೆಗೆಯುವುದಷ್ಟೇ ಅವರ ಕೆಲಸ ಆಗಿರಲಿಲ್ಲ. ಹಿರಿಯರನ್ನು ಕೂರಿಸಿ ಮಾತಾಡಿಸಬೇಕಿತ್ತು. ಯಾರ ಹತ್ತಿರ ಕಲಿತಿರಿ, ಹಲಗೆಯನ್ನು ಎಷ್ಟು ಕಾಲ ಒಣಗಿಸುತ್ತೀರಿ, ಈ ಕೆಂಪು ಯಾವುದರಿಂದ ಬರುತ್ತದೆ, ಯಾವ ಊರಿನ ಸಂತೆಗೆ ಹೊತ್ತೊಯ್ಯುತ್ತಿದ್ದಿರಿ. ಹೀಗೆ ಕೂಡಿಸಿದ ಮಾತುಗಳು ಕುಶಲಿಗರ ಬಾಯಿಮಾತಿನ ಚರಿತ್ರೆಯಾಗಿ 14 ಸಂಪುಟಗಳಲ್ಲಿ ಬಂದವು. ಚಿತ್ರಗಳ ಗಣತಿ 22 ಸಂಪುಟಗಳಾಯಿತು.

ಕುಶಲಿಗರ ಬಾಯಲ್ಲಿ ಹಾಡಿನಂಥ ಸಾಲುಗಳಿದ್ದವು. ಶಿಷ್ಯನಿಗೆ ನೆನಪಿರಲಿ ಅಂತ ಗುರುಗಳು ಕಟ್ಟಿದವು. ಅದರಲ್ಲೊಂದರ ಅರ್ಥ ಹೀಗೆ: 'ಚಿತ್ರದೊಳಗೊಂದು ಆಟ ಇರಲಿ, ನೂರು ಸಲ ನೋಡಿದರೂ ಬೇಸರವಿಲ್ಲ. ಬಾಯಿ ತೆರೆದರೆ ಶುಭವೇ ಬರಲಿ, ಆಗ ಜನ ಒಪ್ಪುತ್ತಾರೆ.' ಇಡೀ ಕಸುಬಿನ ವ್ಯಾಕರಣ ಇಂಥ ಸಾಲುಗಳಲ್ಲಿದೆ. ಬರೆದುಕೊಳ್ಳುವವರು ಇಲ್ಲದಿದ್ದರೆ ಅಜ್ಜನ ಜೊತೆಗೇ ಹೋಗುತ್ತಿತ್ತು.

2010ರ ನಂತರ ಯಾಂಗ್‌ಲಿಯುಚಿಂಗ್‌ನ ದಕ್ಷಿಣದ ಹಳ್ಳಿಗಳನ್ನು ಕೆಡವುವ ಸರದಿ ಬಂದಾಗ ಇದೇ ತಂಡ ಮತ್ತೆ ಓಡಿತು. ಸಾವಿನ ಮಂಚದ ಪಕ್ಕದಲ್ಲಿ ನಡೆಯುವ ರಕ್ಷಣೆ ಅಂತ ಫೆಂಗ್ ಅದನ್ನು ಕರೆದರು. ಗೋಡೆ ಬೀಳುವ ಮೊದಲು ಆ ಮನೆಯ ಚಿತ್ರಕೋಣೆ ಹೇಗಿತ್ತು, ಬಣ್ಣದ ಬಟ್ಟಲು ಎಲ್ಲಿತ್ತು, ಅರೆ ಮುಗಿದ ಹಾಳೆ ಯಾವ ಗೋಡೆಗೆ ಅಂಟಿತ್ತು ಅನ್ನುವುದನ್ನೂ ದಾಖಲಿಸಬೇಕು ಅನ್ನುವ ಹಟ ಅವರದು. ಆ ಹಟ ಸರಿ ಅಂತ ನನಗೆ ಅನಿಸುತ್ತದೆ. ಇಂಥ ಕಸುಬು ಇಡೀ ಮನೆಯಲ್ಲಿ ಹರಡಿಕೊಂಡಿರುತ್ತದೆ.

ಸುಜೌನ ಕಥೆ ಬೇರೆ. ಅಲ್ಲಿ ದಾಖಲೆ ಇತ್ತು, ಮ್ಯೂಸಿಯಂ ಇತ್ತು, ಒಂದು ಚಿತ್ರಸಂಘವೂ ಇತ್ತು. ಇಲ್ಲದೇ ಇದ್ದದ್ದು ಕಲಿಯುವವರು. ಕುಶಲಿಗರು ಬೆರಳೆಣಿಕೆಯಷ್ಟು, ಅವರಿಗೂ ವಯಸ್ಸಾಗಿತ್ತು. ಮಕ್ಕಳು ಬೇರೆ ಕೆಲಸ ಹಿಡಿದಿದ್ದರು. ತಪ್ಪು ಅವರದ್ದಲ್ಲ. ವರ್ಷಗಟ್ಟಲೆ ಕಲಿತು ಕೊನೆಗೆ ಹೊಟ್ಟೆಗೆ ಸಾಲದಷ್ಟು ದುಡಿಯುವ ಕೆಲಸಕ್ಕೆ ಯಾವ ಅಪ್ಪ ತಾನೇ ಮಗನನ್ನು ಹಚ್ಚುತ್ತಾನೆ?

2001ರಲ್ಲಿ ನಗರ ಆಡಳಿತ ಆ ಚಿತ್ರಸಂಘವನ್ನು ಹಾಗೇ ಎತ್ತಿ ಸುಜೌನ ಕರಕುಶಲ ಕಲಾ ಕಾಲೇಜಿನ ಮಡಿಲಿಗೆ ಹಾಕಿತು. ಕಾಲೇಜು ಆಯ್ದ ವಿದ್ಯಾರ್ಥಿಗಳನ್ನು ಹಿರಿಯರ ಪಕ್ಕ ಕೂರಿಸಿತು. ಫಾಂಗ್ ಝಿದಾ ಅಂಥ ಹಿರಿಯರಲ್ಲಿ ಒಬ್ಬರು. ಒತ್ತುವ ವಿದ್ಯೆಯಲ್ಲಿ ಪಳಗಿದವರು. ಮುಂದೆ ಸರ್ಕಾರ ರಾಷ್ಟ್ರಮಟ್ಟದ ಪರಂಪರೆವಾಹಕರು ಅಂತ ಗುರುತಿಸಿದ ಕೈ ಅವರದು. ಅಪ್ಪನಿಂದ ಮಗನಿಗೆ ಹೋಗುತ್ತಿದ್ದ ವಿದ್ಯೆ ಅಲ್ಲಿಂದ ಗುರುತು ಪರಿಚಯ ಇಲ್ಲದ ಹುಡುಗ ಹುಡುಗಿಯರಿಗೆ ಹೋಗತೊಡಗಿತು. ಇದು ಸಣ್ಣ ಬದಲಾವಣೆ ಅಲ್ಲ. ರಕ್ತಸಂಬಂಧ ಇಲ್ಲದೆಯೂ ವಿದ್ಯೆ ಕೈ ದಾಟಬಹುದು ಅಂತ ಇಲ್ಲಿ ಗೊತ್ತಾಯಿತು.

ಆಮೇಲಿನದೆಲ್ಲ ಸರಸರನೆ ನಡೆಯಿತು. 2006ರ ಮೇ ತಿಂಗಳಲ್ಲಿ ಚೀನಾ ಪ್ರಕಟಿಸಿದ ಅಮೂರ್ತ ಪರಂಪರೆಯ (ಕಸುಬು, ಹಾಡು, ಆಚರಣೆಗಳಂಥವು) ಮೊದಲ ಪಟ್ಟಿಯ 518 ಹೆಸರುಗಳಲ್ಲಿ ಟಾವ್‌ಹುವಾವೂ, ಯಾಂಗ್‌ಲಿಯುಚಿಂಗ್ ಎರಡೂ ಇದ್ದವು. 2011ರಲ್ಲಿ ಅದಕ್ಕೆಂದೇ ಕಾನೂನು ಬಂತು. 2015ರಿಂದ ಕುಶಲಿಗರನ್ನೇ ವಿಶ್ವವಿದ್ಯಾಲಯಗಳಿಗೆ ಕರೆಸಿ ತರಬೇತಿ ಕೊಡುವ ಯೋಜನೆ ನಡೆಯಿತು. 2021ರಲ್ಲಿ ಪರಂಪರೆಯ ರಕ್ಷಣೆಯೇ ಒಂದು ಪದವಿ ವಿಷಯವಾಯಿತು. 2024ರ ಡಿಸೆಂಬರ್‌ನಲ್ಲಿ ಚೀನೀ ಹೊಸ ವರ್ಷದ ಹಬ್ಬ ಯುನೆಸ್ಕೋ ಪಟ್ಟಿ ಸೇರಿತು.

ಪಟ್ಟಿಗಳು ಬೇಕು. ಅವುಗಳಿಂದ ಹಣ ಬರುತ್ತದೆ, ಗೌರವ ಬರುತ್ತದೆ. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹುಬ್ಬಿನ ಎಳೆ ಕೆತ್ತಲು ಬರುವುದಿಲ್ಲ. ಶಾಲಾ ಮಕ್ಕಳು ಒಂದು ಮಧ್ಯಾಹ್ನ ರೆಡಿ ಅಚ್ಚಿನ ಮೇಲೆ ಕಾಗದ ಇಟ್ಟು ತಿಕ್ಕಿ, ಬಣ್ಣದ ಮಗು ಮೂಡಿದಾಗ ಕಿರುಚಿ ಖುಷಿಪಡುತ್ತಾರೆ. ಒಳ್ಳೆಯದೇ. ಆ ಮಕ್ಕಳು ನಾಳೆ ಚಿತ್ರ ಕೊಳ್ಳುವವರಾಗಬಹುದು. ಕಸುಬನ್ನು ಹೊರುವವರು ಬೇರೆ. ಅವರು ಮೂರು ನಾಲ್ಕು ವರ್ಷ ಸುಮ್ನೆ ನೇರ ಗೆರೆ ಕೆತ್ತುತ್ತಾ ಕೂರಬೇಕು, ಬೆರಳಿಗೆ ಗಾಯ ಮಾಡಿಕೊಳ್ಳಬೇಕು. ಅಷ್ಟು ಕಲಿತವರಿಗೆ ಸಂಬಳ ಬರುವ ಕೆಲಸ ಸಿಗದಿದ್ದರೆ ಅವರೂ ಜಾಹೀರಾತು ಕಂಪನಿಗೆ ಹೋಗುತ್ತಾರೆ. ಕಾಲೇಜು ಕಲಿಸಬಲ್ಲದು, ಗಿರಾಕಿಗಳನ್ನು ತಂದುಕೊಡಲಾರದು. ಚೀನೀ ಪಂಚಾಂಗದಲ್ಲಿ ಪ್ರತಿ ವರ್ಷಕ್ಕೂ ಒಂದು ಪ್ರಾಣಿ ಇದೆ. ಅದಕ್ಕೇ ಹೊಸಬರು ಆಯಾ ವರ್ಷದ ಪ್ರಾಣಿಯ ಚಿತ್ರ ಮಾಡುತ್ತಾರೆ, ಫ್ಲ್ಯಾಟಿನ ಒಂಟಿ ಬಾಗಿಲಿಗೆ ಹೊಂದುವ ಅಳತೆಯಲ್ಲಿ ಒತ್ತುತ್ತಾರೆ. ಹಳಬರಲ್ಲಿ ಕೆಲವರಿಗೆ ಇದು ಹಿಡಿಸುವುದಿಲ್ಲ. ನನಗೆ ಹಿಡಿಸುತ್ತದೆ. ಅಂಟಿಸುವ ಬಾಗಿಲು ಬದಲಾದರೆ ಚಿತ್ರದ ಅಳತೆಯೂ ಬದಲಾಗಲೇಬೇಕು.

ಹಾಗಂತ ಹಳೆಯದನ್ನು ಬಿಟ್ಟಿಲ್ಲ. ಜಪಾನಿನಲ್ಲಿ ಉಳಿದ 18ನೇ ಶತಮಾನದ ಸುಜೌ ಚಿತ್ರಗಳನ್ನು ನೋಡಿ ಹೊಸದಾಗಿ ಅಚ್ಚು ಕೆತ್ತುವ ಕೆಲಸ ಸುಜೌನಲ್ಲಿ ನಡೆದಿದೆ. ದೋಣಿ, ಸೇತುವೆ, ಅಂಗಡಿ ಸಾಲು, ನೂರಾರು ಸಣ್ಣ ಸಣ್ಣ ಜನ ಇರುವ ದೊಡ್ಡ ಚಿತ್ರಗಳು ಅವು. ಆ ಪ್ರತಿಗಳನ್ನು ಮುಟ್ಟುವ ಹಾಗಿಲ್ಲ, ಅದಕ್ಕೇ ನಕಲು ತೆಗೆದ ಗೆರೆಯನ್ನೇ ಹಲಗೆಗೆ ಅಂಟಿಸಬೇಕು. ಮೂಲ ಅಚ್ಚನ್ನು ಕಂಡವರು ಯಾರೂ ಇಲ್ಲ. ಕೆತ್ತಿದವನ ಚಾಕು ಯಾವ ಕಡೆಯಿಂದ ಬಂದಿತ್ತು ಅನ್ನುವುದನ್ನು ಗೆರೆಯ ತುದಿ ನೋಡಿಯೇ ಊಹಿಸಬೇಕು.

ಸುಜೌನ ಮೊದಲ ತಂಡಗಳಲ್ಲಿ ಹೀಗೆ ಕಲಿತ ಕೆಲವರು ಅಲ್ಲೇ ಉಳಿದರು. ಇಪ್ಪತ್ತು ವರ್ಷ ಕಳೆದಿದೆ. ಈಗ ಅವರ ಮೇಜಿನ ಪಕ್ಕ ಹೊಸ ಹುಡುಗಿಯೊಬ್ಬಳು ಚಾಕು ಹಿಡಿಯಲು ಬಂದರೆ, ಮುಷ್ಟಿಯ ಮೇಲೆ ಮುಷ್ಟಿ ಇಟ್ಟು ಮೊದಲ ಗೆರೆ ಎಳೆಸುವವರು ಅವರೇ.