ಕೂಡಿಸಿ ಒಮ್ಮೆ, ತಿರುಗಿಸಿ ಒಮ್ಮೆ: ಎರಡು ಕಾಯಿಲ್‌ಗಳ ಕಾಂತೀಯ ನಂಟು

ಒಂದು ಕಾಯಿಲ್‌ನ (ಸುತ್ತಿದ ತಂತಿಯ ಸುರುಳಿಯ) ಕಾಂತಕ್ಷೇತ್ರದಲ್ಲಿ ಪಕ್ಕದ ಕಾಯಿಲ್‌ಗೆ ಸಿಗದೇ ಹೋದ ಪಾಲು ವ್ಯರ್ಥ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಅದು ಕೈಸಾಲದ ಹಾಗೆ, ಎಸಿ ಕರೆಂಟಿನ ಪ್ರತಿ ಆವರ್ತದಲ್ಲೂ ಕೊಟ್ಟವರಿಗೇ ವಾಪಸ್ ಬರುತ್ತದೆ. ಬಿಸಿಯಾಗಿ ಹೋಗುವುದು ಮುಖ್ಯವಾಗಿ ತಂತಿಯ ರೋಧದಲ್ಲಿ.

ಹಾಗಾದರೆ ನಂಟು, ಅಂದರೆ ಒಂದರ ಕ್ಷೇತ್ರ ಇನ್ನೊಂದಕ್ಕೆ ಸಿಗುವ ಪಾಲು, ಎಷ್ಟು ಅಂತ ಅಳೆಯುವುದು ಹೇಗೆ? ನನಗೆ ತುಂಬ ಇಷ್ಟವಾದ ಉಪಾಯ ಇದು. ಎರಡೂ ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿ ಎಲ್‌ಸಿಆರ್ ಮೀಟರ್ ಎಂಬ ಅಳತೆಯ ಉಪಕರಣದಲ್ಲಿ ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಯನ್ನು ಕಾಯಿಲ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ) ನೋಡಿ. ಆಮೇಲೆ ಒಂದು ಕಾಯಿಲ್‌ನ ತುದಿಗಳನ್ನಷ್ಟೇ ಅದಲುಬದಲು ಮಾಡಿ ಮತ್ತೆ ನೋಡಿ. ಕಾಯಿಲ್ ಮಾತ್ರ ಒಂದಿಷ್ಟೂ ಕದಲಬಾರದು! ಇಬ್ಬರು ಒಂದೇ ಬಂಡಿಯನ್ನು ಒಂದೇ ದಿಕ್ಕಿಗೆ ತಳ್ಳಿದ ಹಾಗೆ ಮೊದಲನೆಯದು, ಎದುರುಬದುರು ನಿಂತು ತಳ್ಳಿದ ಹಾಗೆ ಎರಡನೆಯದು. ಬಂಡಿ ಅದೇ, ಜನ ಅವರೇ, ಬದಲಾದದ್ದು ದಿಕ್ಕು ಮಾತ್ರ. ಹಾಗಾಗಿ ಕಳೆದರೆ ಉಳಿಯುವುದು ಅವರ ನಡುವಿನ ನಂಟು ಮಾತ್ರ.

ತಲಾ 100 ಮೈಕ್ರೋಹೆನ್ರಿ ಕಾಯಿಲ್‌ಗಳು ಒಮ್ಮೆ 240, ಇನ್ನೊಮ್ಮೆ 160 ತೋರಿಸಿದವು ಅನ್ನಿ. ವ್ಯತ್ಯಾಸ 80. ನಂಟಿನ ಪಾಲು ಒಮ್ಮೆ ಎರಡು ಸಲ ಕೂಡಿ, ಇನ್ನೊಮ್ಮೆ ಎರಡು ಸಲ ಕಳೆದಿರುವುದರಿಂದ ಅದರ ಕಾಲು ಭಾಗ ತೆಗೆದುಕೊಳ್ಳಿ, 20. ಇದೇ ಪರಸ್ಪರ ಇಂಡಕ್ಟನ್ಸ್. 100ಕ್ಕೆ ಹೋಲಿಸಿದರೆ ನಂಟು 0.2.

ಆದರೆ ಕಾಯಿಲ್‌ಗಳನ್ನು ದೂರ ಸರಿಸಿ ನಂಟು 0.01ಕ್ಕೆ ಇಳಿದರೆ ಮೀಟರ್ 202 ಮತ್ತು 198 ಅನ್ನುತ್ತದೆ, ಮೀಟರಿನ ದೋಷ ಶೇಕಡಾ 1 ಇದ್ದರೆ ಇಡೀ ಉತ್ತರವೇ ಅದರಲ್ಲಿ ಮುಳುಗಿಹೋಗುತ್ತದೆ. ಆಗ ಕಳೆಯುವ ಲೆಕ್ಕ ಬಿಡಿ. ಒಂದು ಕಾಯಿಲ್‌ಗೆ 100 ಕಿಲೋಹರ್ಟ್ಸ್‌ನ 0.1 ಆಂಪಿಯರ್ ಹರಿಸಿ, ಇನ್ನೊಂದರ ತೆರೆದ ತುದಿಗಳಲ್ಲಿ ವೋಲ್ಟೇಜ್ ನೋಡಿ. 1 ಮೈಕ್ರೋಹೆನ್ರಿಗೆ ಸುಮಾರು 63 ಮಿಲಿವೋಲ್ಟ್ ಸಿಗುತ್ತದೆ. ಯಾವುದಕ್ಕೆ ಹರಿಸಿ ಯಾವುದರಲ್ಲಿ ಅಳೆದರೂ ಉತ್ತರ ಒಂದೇ, ಒಂದು ದೊಡ್ಡದಿದ್ದು ಇನ್ನೊಂದು ಪುಟ್ಟದಿದ್ದರೂ. ಇದನ್ನು ಎಷ್ಟು ಸಲ ನೋಡಿದರೂ ನನಗೆ ಆಶ್ಚರ್ಯವೇ.

1831ರಲ್ಲಿ ಫ್ಯಾರಡೆ ಕಬ್ಬಿಣದ ಉಂಗುರವಷ್ಟೇ ಅಲ್ಲ, ಮರದ ದಿಮ್ಮಿಗೂ ತಲಾ 203 ಅಡಿ ಉದ್ದದ ಎರಡು ತಾಮ್ರದ ತಂತಿ ಸುತ್ತಿ ನೋಡಿದ್ದರು. ಒಂದು ತಂತಿಗೆ ಬ್ಯಾಟರಿ ಜೋಡಿಸುವಾಗ, ಬಿಡಿಸುವಾಗ ಇನ್ನೊಂದಕ್ಕೆ ಹಾಕಿದ್ದ ಗ್ಯಾಲ್ವನೋಮೀಟರ್‌ನ (ಕರೆಂಟ್ ತೋರಿಸುವ ಉಪಕರಣದ) ಮುಳ್ಳು ಚೂರೇ ಚೂರು ಅಲುಗಿತ್ತು. ನಡುವೆ ಸುಮ್ನೆ ನಿಂತಿತ್ತು. ಪಾಪ, ಅವರ ಹತ್ತಿರ ಎಲ್‌ಸಿಆರ್ ಮೀಟರ್ ಎಲ್ಲಿತ್ತು!

ಹತ್ತಿರ ಇದ್ದರೆ ನಂಟು ಜಾಸ್ತಿ ಅಲ್ವಾ? ಅದೂ ಯಾವಾಗಲೂ ನಿಜವಲ್ಲ. ಒಂದು ಚಪ್ಪಟೆ ಕಾಯಿಲ್ ಮೇಲೆ ಇನ್ನೊಂದನ್ನಿಟ್ಟು ನಿಧಾನಕ್ಕೆ ಪಕ್ಕಕ್ಕೆ ಜಾರಿಸಿ. ಇನ್ನೂ ಒಂದರ ಮೇಲೊಂದು ಅರೆಬರೆ ಕೂತಿರುವಾಗಲೇ ಒಂದು ಜಾಗದಲ್ಲಿ ವೋಲ್ಟೇಜ್ ಸೊನ್ನೆಗೆ ಇಳಿಯುತ್ತದೆ, ದಾಟಿದರೆ ತಲೆಕೆಳಗಾಗಿ ಮತ್ತೆ ಏಳುತ್ತದೆ. ಎಂಆರ್‌ಐ ಯಂತ್ರದ ಕಾಯಿಲ್‌ಗಳನ್ನು ಬೇಕೆಂದೇ ಹಾಗೆ ಒಂದರ ಮೇಲೊಂದು ಸರಿಸಿ ಕೂರಿಸುತ್ತಾರೆ, ಅಕ್ಕಪಕ್ಕದವು ಒಂದರ ಮಾತು ಇನ್ನೊಂದು ಕೇಳಿಸಿಕೊಳ್ಳದಿರಲಿ ಅಂತ.